ಸಹಾಯ ಬೇಕು: ಹಳೇ ಟ್ರೆಡ್‌ಮಿಲ್ ಪರೀಕ್ಷೆ ಮಾಡಿ ಹೇಳುವವರು ತುಮಕೂರಲ್ಲಿ ಯಾರಿದ್ದಾರೆ?

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಶುಗರ್ ಇದೆ, ದಿನಾ ನಡೆಯಲೇಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಅಮಾನಿಕೆರೆ ಕಡೆ ವಾಕಿಂಗ್ ಹೋಗುತ್ತಾರೆ, ಮಳೆ ಹಿಡಿದರೆ ಅದೂ ನಿಂತುಹೋಗುತ್ತದೆ. ಅದಕ್ಕೇ ಮನೆಗೆ ಒಂದು ಟ್ರೆಡ್‌ಮಿಲ್ ತರೋಣ ಅಂತಿದ್ದೇನೆ. ಹೊಸದಕ್ಕೆ ಅಷ್ಟು ದುಡ್ಡು ಹಾಕುವ ಹಾಗಿಲ್ಲ, ಹಳೇದನ್ನೇ ಹುಡುಕುತ್ತಿದ್ದೇನೆ.

ಕ್ಯಾತ್ಸಂದ್ರದಲ್ಲಿ ಒಂದನ್ನು ನೋಡಿ ಬಂದೆ. ಖಾಲಿ ಓಡಿಸಿದಾಗ ಚೆನ್ನಾಗೇ ಇತ್ತು. ನಾನು ಹತ್ತಿ ನಡೆದರೆ ಪ್ರತಿ ಹೆಜ್ಜೆಗೂ ಬೆಲ್ಟ್ ತಡೆದು ತಡೆದು ಜಗ್ಗುತ್ತದೆ. ಸ್ವಿಚ್ ಆರಿಸಿ ಬೆಲ್ಟಿನ ಅಡಿ ಬೆರಳು ಹಾಕಿದೆ, ಪೂರ್ತಿ ಒಣಗಿತ್ತು. ಸಿಲಿಕೋನ್ ಎಣ್ಣೆ ಹಾಕಿದರೆ ಸರಿಹೋಗುತ್ತದಾ, ಇಲ್ಲಾ ಕೆಳಗಿನ ಹಲಗೆಯೇ ಸವೆದಿರಬಹುದಾ? ಹಲಗೆ ಸವೆದರೆ ಮೋಟಾರಿಗೂ ಹೊರೆ ಜಾಸ್ತಿ ಅಲ್ವಾ?

ನನಗೆ ನಿಜವಾಗಿ ಭಯ ಇರುವುದು ಸೇಫ್ಟಿ ಕೀ ಬಗ್ಗೆ. ಬಟ್ಟೆಗೆ ಸಿಕ್ಕಿಸಿಕೊಳ್ಳುವ ದಾರ ಎಳೆದು ಕೀ ಕಿತ್ತು ಬಂದರೆ ಬೆಲ್ಟ್ ನಿಲ್ಲಬೇಕು. ಇಲ್ಲಿ ಕೀ ಕಳೆದುಹೋಗಿದೆ. ಅದರ ಜಾಗಕ್ಕೆ ಮ್ಯಾಗ್ನೆಟ್ ತುಂಡು ಇಟ್ಟು ಟೇಪ್ ಸುತ್ತಿದ್ದಾರೆ. ಅಮ್ಮ ಮುಗ್ಗರಿಸಿ ಬಿದ್ದರೂ ಬೆಲ್ಟ್ ಓಡುತ್ತಲೇ ಇರುತ್ತದೆ. ಅದೇ ಮಾಡೆಲ್ಲಿನ ಕೀ ಬಿಡಿಯಾಗಿ ಸಿಗುತ್ತದಾ? ಸಿಗದಿದ್ದರೆ ಎಷ್ಟೇ ಕಡಿಮೆಗೆ ಕೊಟ್ಟರೂ ನಮಗೆ ಬೇಡ.

ಆನ್‌ಲೈನಲ್ಲಿ ಇನ್ನೊಬ್ಬರು ಬರೀ ಫೋಟೋ ಕಳಿಸಿ, ಮೊದಲು ಅಡ್ವಾನ್ಸ್ ಹಾಕಿ ಅಂತಿದ್ದಾರೆ. ಮನೆಗೆ ಬಂದು ನೋಡುತ್ತೇನೆ ಅಂದರೆ ಮಾತು ಮರೆಸುತ್ತಾರೆ. ಅದನ್ನು ಕೈಬಿಟ್ಟೆ. ನೀವೂ ಸುಮ್ನೆ ದುಡ್ಡು ಹಾಕಬೇಡಿ. ದುಡ್ಡು ಪಡೆಯುವುದಕ್ಕೆ ಯುಪಿಐ ಪಿನ್ ಬೇಕಾಗಿಯೇ ಇಲ್ಲ, ಮಾರುವವರೂ ಇದನ್ನು ನೆನಪಿಡಿ.

ಬಟವಾಡಿ, ಎಸ್.ಎಸ್. ಪುರಂ ಕಡೆ ಜಿಮ್ ಯಂತ್ರ ರಿಪೇರಿ ಮಾಡುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ನನ್ನ ಜೊತೆ ಬಂದು ಮೋಟಾರ್, ಹಲಗೆ, ವೈರಿಂಗ್ ಬಿಚ್ಚಿ ನೋಡಬೇಕು. ಅವರ ಚಾರ್ಜ್ ಕೊಡುತ್ತೇನೆ. ನಿಮ್ಮ ಮನೆಯಲ್ಲೇ ಕೀ ಸಮೇತ ಒಳ್ಳೆಯ ಟ್ರೆಡ್‌ಮಿಲ್ ಮಾರುವುದಿದ್ದರೂ ಹೇಳಿ, ಬಂದು ನೋಡುತ್ತೇನೆ.