ಮರು: ‘ಡ್ಯಾಂಪಿಂಗ್ ಡೌನ್’ – ಗೋಡೆಫಲಕಕ್ಕೆ ಪದ ಬೇಕು (ತುರ್ತು)

> ತುಮಕೂರಿನಲ್ಲಿ ಹೊಸದಾಗಿ ಸೇರಿರುವ ಅಗ್ನಿಶಾಮಕರ ತರಬೇತಿಗೆ ಗೋಡೆಫಲಕ ಬರೆಸುತ್ತಿದ್ದೇವೆ. ‘ತಣಿಸುವುದು, ಗಾಳಿ ತಡೆಯುವುದು, ಉರುವಲು ಬೇರ್ಪಡಿಸುವುದು’ ಎಂಬ ಮೂರು ಸಾಲು ಸಿದ್ಧವಾಗಿವೆ. ನಾಲ್ಕನೆಯದು ‘ಡ್ಯಾಂಪಿಂಗ್ ಡೌನ್’, ಅಂದರೆ ಉರಿ ಇಳಿದ ಮೇಲೆ ಒಳಗೆ ಉಳಿದ ಕೆಂಡವನ್ನೂ ನೆನೆಸಿ ಕೆಲಸ ಮುಗಿಸುವುದು. ಬಳಗದಲ್ಲಿ ಒಬ್ಬರು ‘ಅಂತಿಮ ಶಮನ ಪ್ರಕ್ರಿಯೆ’ ಎಂದಿದ್ದಾರೆ. ಬರೆಯುವವರು ನಾಳೆ ಬೆಳಿಗ್ಗೆ ಬರುತ್ತಾರೆ.

‘ಅಂತಿಮ ಶಮನ ಪ್ರಕ್ರಿಯೆ’ ಬೇಡ. ಕೈಯಿಂದ ಏನು ಮಾಡಬೇಕೆಂದು ಅದು ಹೇಳುವುದೇ ಇಲ್ಲ. ‘ಕೆದಕಿ ಆರಿಸುವುದು’ ಎಂದು ಬರೆಸಿ.

ನಾನು ಕೋಲಾರದ ಕಡೆಯವನು. ಚಿಕ್ಕಂದಿನಲ್ಲಿ ನಮ್ಮ ರಾಗಿಹುಲ್ಲಿನ ಬಣವೆಗೆ ಬೆಂಕಿ ಬಿದ್ದಿತ್ತು. ಊರವರೆಲ್ಲ ಸೇರಿ ನೀರು ಹೊಯ್ದರು, ಉರಿ ಇಳಿಯಿತು, ಎಲ್ಲರೂ ಮನೆಗೆ ಹೋದರು. ಬೆಳಗಿನ ಜಾವ ಅದೇ ಬಣವೆ ಮತ್ತೆ ಹೊತ್ತಿಕೊಂಡಿತು. ಹೊರಗಿನ ಹುಲ್ಲು ನೀರನ್ನು ಜಾರಿಸಿಬಿಡುತ್ತದೆ, ಒಳಗಿನ ಕೆಂಡ ಹಾಗೆಯೇ ಇರುತ್ತದೆ. ತಿಪಟೂರಿನ ಕಡೆ ತೆಂಗಿನ ನಾರಿನ ರಾಶಿಗೆ ಬೆಂಕಿ ಬಿದ್ದರೂ ಇದೇ ಪಾಡು. ರಾಶಿಯನ್ನು ಕೊಕ್ಕೆಯಿಂದ ಎಳೆದು ಹರಡಿ, ಒಳಗಿನದನ್ನು ನೆನೆಸಿದರೆ ಮಾತ್ರ ಕೆಲಸ ಮುಗಿಯುತ್ತದೆ. ‘ಬೂದಿ ಮುಚ್ಚಿದ ಕೆಂಡ’ ಎಂಬ ಮಾತು ಇರುವ ಭಾಷೆಗೆ ಈ ಕೆಲಸವನ್ನು ಹೇಳಲು ‘ಪ್ರಕ್ರಿಯೆ’ ಏಕೆ ಬೇಕು?

‘ನಂದಿಸುವುದು’ ಸಾಲದೇ ಎಂದು ಇನ್ನೊಬ್ಬರು ಕೇಳಿದ್ದಾರೆ. ಸಾಲದು. ನಂದುವುದು ಉರಿ, ದೀಪ. ನಂದದೆ ಉರಿಯುವುದೇ ನಂದಾದೀಪ. ಆರುವುದು ಒಳಗಿನ ಕಾವು: ಅನ್ನ ಆರುತ್ತದೆ, ಗಾಯ ಆರುತ್ತದೆ, ಕೆಂಡ ಆರುತ್ತದೆ. ಹಳಗನ್ನಡದಲ್ಲಿ ಇದು ಶಕಟರೇಫದ, ಎಂದರೆ ಈಗ ಬಳಕೆ ತಪ್ಪಿರುವ ಱ ಅಕ್ಷರದ, ‘ಆಱು’. ತಮಿಳಿನಲ್ಲಿಯೂ ‘ಆಱು’ ಎಂದರೆ ತಣಿಯುವುದು, ಮಾಯುವುದು. ತೆಲುಗಿನಲ್ಲಿ ಬೆಂಕಿ ಆರಿಸುವುದಕ್ಕೆ ‘ಆರ್ಪು’. ಪಾವಗಡದವರಾಗಲಿ ಚಿಂತಾಮಣಿಯವರಾಗಲಿ, ಮನೆಯಲ್ಲಿ ತೆಲುಗು ಆಡುವ ಹುಡುಗರಿಗೂ ಈ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಆರಿಸು’ ಎಂದರೆ ಆಯ್ದುಕೊಳ್ಳುವುದಲ್ಲವೇ ಎಂಬ ಆಕ್ಷೇಪಕ್ಕೆ ಉತ್ತರ ಅನಗತ್ಯ. ಅದು ಬೇರೆ ಪದ, ಬೆಂಕಿಯ ಮುಂದೆ ಆ ಗೊಂದಲ ಯಾರಿಗೂ ಆಗುವುದಿಲ್ಲ.

ಇನ್ನು ‘ಅಗ್ನಿಶಾಮಕ’ ಎಂಬುದನ್ನೇ ಕಿತ್ತುಹಾಕಬೇಕು ಎಂಬ ವಾದ. ತಮಿಳರು ‘ತೀಯಣೈಪ್ಪು’ (ಬೆಂಕಿ ಆರಿಸುವುದು) ಎನ್ನುತ್ತಾರೆ, ನಿಜ, ನನಗೂ ಅದರ ಮೇಲೆ ಆಸೆಯಿದೆ. ತೆಲುಗಿನವರ ‘ಅಗ್ನಿಮಾಪಕ’ವಂತೂ ‘ಉಷ್ಣಮಾಪಕ’ಕ್ಕೆ ಒಗ್ಗಿದ ನಮ್ಮ ಕಿವಿಗೆ ಬೆಂಕಿ ಅಳೆಯುವ ಸಾಧನದಂತೆ ಕೇಳಿಸುತ್ತದೆ. ಆದರೆ ಕೆಂಪು ವಾಹನದ ಮೇಲೆ ಎಲ್ಲರೂ ಓದಿ ಬಲ್ಲ ಹೆಸರನ್ನು ಈಗ ಬದಲಿಸುವುದರಿಂದ ಯಾರಿಗೂ ಲಾಭವಿಲ್ಲ. ನನ್ನ ನಿಲುವು ಇದು: ವಸ್ತುವಿನ ಹೆಸರು ಎಲ್ಲಿಂದಲಾದರೂ ಬರಲಿ, ಮಾಡುವ ಕೆಲಸದ ಪದ ಕನ್ನಡದ್ದೇ ಇರಲಿ. ಹೊಗೆಯೊಳಗೆ ಕೂಗಿ ಹೇಳುವುದು ಕ್ರಿಯಾಪದವನ್ನು. ಆದ್ದರಿಂದ ಹೋಸ್, ಹೈಡ್ರಂಟ್ (ಹೋಸಿಗೆ ನೀರು ಕೊಡುವ ಕೊಳಾಯಿ), ಬ್ರಾಂಚ್ ಹಾಗೆಯೇ ಇರಲಿ. ಬ್ರಾಂಚನ್ನು ದಯವಿಟ್ಟು ‘ಶಾಖೆ’ ಮಾಡಬೇಡಿ, ಅದು ನೀರು ಚಿಮ್ಮಿಸುವ ಕೊಳವೆ.

ಕೇಳದಿದ್ದರೂ ಒಂದು ಮಾತು. ‘ತಣಿಸುವುದು’ ಎಂಬ ಸಾಲಿನ ಕೆಳಗೆ ‘ಉರಿಯುವ ಎಣ್ಣೆಗೆ ನೀರು ಬೇಡ’ ಎಂದು ಸೇರಿಸಿ. ನೀರು ಕಾದ ಎಣ್ಣೆಯ ಅಡಿಗಿಳಿದು ಆವಿಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ, ಉರಿಯುವ ಎಣ್ಣೆಯನ್ನು ಮೇಲಕ್ಕೆ ಎರಚುತ್ತದೆ. ‘ತಣಿಸು’ ಎಂದಷ್ಟೇ ಓದಿದ ಹೊಸಬ ಮೊದಲು ಎತ್ತಿಕೊಳ್ಳುವುದು ನೀರನ್ನೇ.

ಫಲಕದಲ್ಲಿ ಱ ಬರೆಸಬೇಡಿ, ರ ಸಾಕು.