ಸಂಬಳ ಜಾಸ್ತಿ ಮಾಡಿದ ಮೇಲೆ ನಮ್ಮ ದೋಸೆ ಭಟ್ರು ಕೆಲಸ ಬಿಟ್ಟರು, ಯಾಕಿರಬಹುದು?

ಆರು ಟೇಬಲ್, ದಾವಣಗೆರೆ

ನಮ್ಮದು ಚಿಕ್ಕ ಬೆಣ್ಣೆ ದೋಸೆ ಹೋಟೆಲ್. ಆರೇ ಟೇಬಲ್ಲು. ಅಪ್ಪನ ಕಾಲದಿಂದ ಕಾವಲಿ ಮುಂದೆ ಒಬ್ಬರೇ ಭಟ್ರು, 17 ವರ್ಷ. ನಾನು ಎಂಬಿಎ ಮುಗಿಸಿ ಹೋದ ವರ್ಷದಿಂದ ಗಲ್ಲಾದಲ್ಲಿ ಕೂರುತ್ತಿದ್ದೇನೆ.

ದೀಪಾವಳಿ ಆದ ಮೇಲೆ ಭಟ್ರ ಸಂಬಳ ತಿಂಗಳಿಗೆ 3,000 ಜಾಸ್ತಿ ಮಾಡಿದೆ. ಅದರ ಮೇಲೆ ದಿನಕ್ಕೆ 300 ದೋಸೆ ದಾಟಿದರೆ, ದಾಟಿದ ಪ್ರತಿ ದೋಸೆಗೂ ಎರಡು ರೂಪಾಯಿ ಅಂತ ಹೇಳಿದೆ. ಖುಷಿ ಪಡುತ್ತಾರೆ ಅಂದುಕೊಂಡೆ. ಮೂರು ತಿಂಗಳಿಗೆ ಬಟವಾಡೆ ದಿನ ಬಂದು "ನಾನು ಇನ್ನು ಬರಲ್ಲ ಕಣಪ್ಪ" ಅಂದರು. ಈಗ ಹರಿಹರದ ಕಡೆ ಇನ್ನೂ ಚಿಕ್ಕ ಹೋಟೆಲ್ಲಲ್ಲಿದ್ದಾರೆ, ಸಂಬಳ ನಾನು ಕೊಡುತ್ತಿದ್ದುದಕ್ಕಿಂತ ಕಮ್ಮಿಯಂತೆ.

ಕಾಲೇಜಲ್ಲಿ ಮಾಸ್ಲೋ ಅನ್ನೋ ಮನಶ್ಶಾಸ್ತ್ರಜ್ಞನ ತ್ರಿಕೋನ ಓದಿದ್ದೆ, ಮನುಷ್ಯನಿಗೆ ಏನೇನು ಬೇಕು ಅನ್ನೋದರ ಮೆಟ್ಟಿಲು. ಕೆಳಗೆ ಅನ್ನ ನೀರು, ಅದರ ಮೇಲೆ ಭದ್ರತೆ, ಆಮೇಲೆ ಪ್ರೀತಿ, ಗೌರವ, ತುದಿಯಲ್ಲಿ ತನ್ನೊಳಗಿರೋದನ್ನ ಪೂರ್ತಿ ಅರಳಿಸಿಕೊಳ್ಳುವುದು. ಕೆಳಗಿನ ಎರಡು ಮೆಟ್ಟಿಲು ನಾನೇ ಗಟ್ಟಿ ಮಾಡಿಕೊಟ್ಟೆ. ಹಂಗಾದ್ರೆ ತಪ್ಪಿದ್ದೆಲ್ಲಿ? ಅಪ್ಪನನ್ನು ಕೇಳಿದರೆ ಮಾತೇ ಆಡುತ್ತಿಲ್ಲ.

ದುರ್ಗದ ಮೇಷ್ಟ್ರು

ಮೊದಲು ಆ ತ್ರಿಕೋನದ ವಿಷಯ. ಮಾಸ್ಲೋ 1943ರಲ್ಲಿ ಬರೆದ ಲೇಖನದಲ್ಲಿ ತ್ರಿಕೋನವೇ ಇಲ್ಲ. ಅದನ್ನು ಮ್ಯಾನೇಜ್‌ಮೆಂಟ್ ಜನ ಆಮೇಲೆ ಬರೆದುಕೊಂಡರು, ಈಗ ಎಲ್ಲರೂ ಅದನ್ನೇ ಮಾಸ್ಲೋ ಅಂದುಕೊಂಡಿದ್ದಾರೆ. ನಾನೂ ಎಷ್ಟೋ ವರ್ಷ ಬೋರ್ಡ್ ಮೇಲೆ ಅದನ್ನೇ ಬರೆದು ಪಾಠ ಮಾಡಿದ್ದೇನೆ, ಬಿಡಿ. ಒಂದು ಮೆಟ್ಟಿಲು ಪೂರ್ತಿ ಮುಗಿದರೇ ಮುಂದಿನದು ಅಂತ ಆತ ಹೇಳಿಲ್ಲ. ಸುಮ್ನೆ ಉದಾಹರಣೆಗೆ ಅಂತ ಕೆಲವು ಅಂಕಿ ಕೊಟ್ಟಿದ್ದಾನೆ: ಸಾಮಾನ್ಯ ಮನುಷ್ಯನಿಗೆ ಹೊಟ್ಟೆಬಟ್ಟೆಯದು ನೂರಕ್ಕೆ 85 ಭಾಗ ತೀರಿರಬಹುದು, ಭದ್ರತೆ 70, ಪ್ರೀತಿ 50, ಗೌರವ 40, ತುದಿಯದು 10. ಅಂದರೆ ಎಲ್ಲವೂ ಒಟ್ಟಿಗೇ ಅರೆಬರೆಯಾಗಿ ನಡೆಯುತ್ತಿರುತ್ತವೆ. ಕೆಳಗಿಂದ ಇಟ್ಟಿಗೆ ಜೋಡಿಸಿದ ಹಾಗಲ್ಲ.

ಇರಲಿ. ಎರಡು ರೂಪಾಯಿ ಜತೆಗೆ ಇನ್ನೇನೇನು ಬದಲಾಯಿಸಿದಿರಿ? ಅದನ್ನು ಹೇಳದೆ ಏನೂ ಹೇಳೋಕಾಗಲ್ಲ.

ಆರು ಟೇಬಲ್, ದಾವಣಗೆರೆ

ಸೌದೆ ಒಲೆ ಹಾಗೇ ಇದೆ ಸರ್, ಅದನ್ನ ಮುಟ್ಟಿದರೆ ಗಿರಾಕಿಗಳು ಬಿಡಲ್ಲ. ಬೆಣ್ಣೆಗೆ ಅಳತೆ ಚಮಚ ತಂದೆ, ಬೆಣ್ಣೆ ರೇಟು ನಿಮಗೆ ಗೊತ್ತಲ್ಲ. ಮೊದಲು ಹಿಟ್ಟು ಭಟ್ರೇ ಕಲಸೋರು. ಅಕ್ಕಿಗೆ ಉದ್ದು ಎಷ್ಟು, ಮಂಡಕ್ಕಿ ಎಷ್ಟು, ಚಳಿ ಇದ್ದರೆ ಎಷ್ಟು ಹೊತ್ತು ಹುಳಿ ಬರಬೇಕು ಅಂತ ಎಲ್ಲ ಅವರ ಲೆಕ್ಕ. ನಾನು ಅದನ್ನು ತೂಕಕ್ಕೆ ತಂದು ಬೇರೆ ಹುಡುಗನಿಗೆ ಕೊಟ್ಟೆ. ಒಲೆ ಮೇಲ್ಗಡೆ ಒಂದು ಕ್ಯಾಮೆರಾ. ಗೋಡೆಗೆ ಒಂದು ಬೋರ್ಡ್, ಅದರಲ್ಲಿ ಆವತ್ತಿನ ದೋಸೆ ಸಂಖ್ಯೆ.

ಬರೆಯುತ್ತಾ ಬರೆಯುತ್ತಾ ನನಗೇ ಒಂಥರಾ ಅನಿಸುತ್ತಿದೆ.

ಭಟ್ಟಿ ಮನೆ ಹುಡುಗ

ಅಣ್ಣ, ಬೇಜಾರಾಗಬೇಡ. ನಮ್ಮಪ್ಪ ಮಂಡಕ್ಕಿ ಭಟ್ಟಿಯಲ್ಲಿ ಇಡೀ ಆಯಸ್ಸು ಕಳೆದರು. ಕಾದ ಮರಳು, ಹೊಗೆ, ಬೆಳಗಿನ ಜಾವದಿಂದ ನಿಂತೇ ಕೆಲಸ. ಅವರನ್ನು ಯಾರಾದರೂ "ನಿಮ್ಮ ಕೆಲಸದಲ್ಲಿ ನಿಮಗೆ ತೃಪ್ತಿ ಇದೆಯಾ" ಅಂತ ಕೇಳಿದ್ದರೆ ನಕ್ಕುಬಿಡೋರು. ಅವರಿಗೆ ಬೇಕಿದ್ದಿದ್ದು ಚೀಲಕ್ಕೆ ಇನ್ನೊಂದೆರಡು ರೂಪಾಯಿ ಜಾಸ್ತಿ, ಅಷ್ಟೇ. ಈ ಥಿಯರಿ ಎಲ್ಲ ಓದಿ ನಾಳೆ ಮಾಲೀಕರೆಲ್ಲ "ದುಡ್ಡು ಮುಖ್ಯ ಅಲ್ಲ ಕಣೋ, ಪ್ರೀತಿ ಮುಖ್ಯ" ಅಂತ ಶುರು ಮಾಡಿದರೆ ಗತಿ ಏನು? ನೀನು ಸಂಬಳ ಜಾಸ್ತಿ ಮಾಡಿದ್ದು ತಪ್ಪಲ್ಲ. ದಯವಿಟ್ಟು ಅದನ್ನು ತಪ್ಪು ಅಂದುಕೊಳ್ಳಬೇಡ.

ದುರ್ಗದ ಮೇಷ್ಟ್ರು

ಹುಡುಗ ಹೇಳಿದ್ದು ಸರಿ. ಅದನ್ನು ಒಪ್ಪಿಕೊಂಡೇ ಮುಂದೆ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಎಡ್ವರ್ಡ್ ಡೆಸಿ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ. ಕಾಲೇಜು ಹುಡುಗರಿಗೆ ಸೋಮಾ ಅನ್ನೋ ತುಂಡು ಜೋಡಿಸುವ ಒಗಟು ಕೊಟ್ಟ. ಒಂದು ಆಕಾರ ಜೋಡಿಸಿದರೆ ಇನ್ನೊಂದು ಜೋಡಿಸೋಣ ಅನಿಸುವಂಥ ಆಟ. ಒಂದು ಗುಂಪಿಗೆ ನಡುವೆ ಒಂದು ದಿನ, ಬಿಡಿಸಿದ ಪ್ರತಿ ಒಗಟಿಗೆ ಒಂದು ಡಾಲರ್ ಕೊಟ್ಟು, ಮುಂದಿನ ಸಲ ನಿಲ್ಲಿಸಿದ. ಇನ್ನೊಂದು ಗುಂಪಿಗೆ ದುಡ್ಡಿನ ಮಾತೇ ಇಲ್ಲ. ಪ್ರತಿ ಸಲವೂ ನಡುವೆ ಏನೋ ನೆಪ ಹೇಳಿ ಆತ ಹೊರಗೆ ಹೋಗೋದು, ಆ ಹೊತ್ತಲ್ಲಿ ಹುಡುಗರು ಒಗಟು ಮುಟ್ಟುತ್ತಾರಾ, ಪತ್ರಿಕೆ ಓದುತ್ತಾರಾ ಅಂತ ಮರೆಯಲ್ಲಿ ನೋಡೋದು. ದುಡ್ಡು ಸಿಕ್ಕಾಗ ಜೋರಾಗಿ ಆಡಿದ ಗುಂಪು, ದುಡ್ಡು ನಿಂತ ಮೇಲೆ ಮೊದಲಿನಷ್ಟೂ ಮುಟ್ಟಲಿಲ್ಲ. ಇದು ಪ್ರಕಟವಾಗಿದ್ದು 1971ರಲ್ಲಿ. ಎರಡು ವರ್ಷ ಬಿಟ್ಟು ಬೇರೆಯವರು ಶಿಶುವಿಹಾರದ ಮಕ್ಕಳ ಮೇಲೆ ಇಂಥದ್ದೇ ನೋಡಿದರು. ಸ್ಕೆಚ್ ಪೆನ್ನಲ್ಲಿ ಚಿತ್ರ ಬರೆಯೋದಂದರೆ ಪ್ರಾಣ ಬಿಡುವ ಮಕ್ಕಳು. "ಬರೆದರೆ ರಿಬ್ಬನ್ ಹಾಕಿದ ಸರ್ಟಿಫಿಕೇಟ್ ಕೊಡ್ತೀವಿ" ಅಂತ ಮೊದಲೇ ಆಸೆ ತೋರಿಸಿದ ಮಕ್ಕಳು ಒಂದೆರಡು ವಾರದ ನಂತರ ಪೆನ್ನಿನ ಹತ್ತಿರ ಹೋಗೋದೇ ಕಮ್ಮಿಯಾಯಿತು. ಹೇಳದೆ ಕೇಳದೆ, ಬರೆದಾದ ಮೇಲೆ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ. ಸರ್ಟಿಫಿಕೇಟ್ ಒಂದೇ, ಕೊಟ್ಟ ರೀತಿ ಬೇರೆ.

ಡೆಸಿ ಆಮೇಲೆ ರಿಚರ್ಡ್ ರಯಾನ್ ಜತೆ ಸೇರಿ ಕಟ್ಟಿದ್ದು ಸೆಲ್ಫ್ ಡಿಟರ್ಮಿನೇಶನ್ ಥಿಯರಿ, ಅಂದರೆ ಸ್ವನಿರ್ಧಾರ ಸಿದ್ಧಾಂತ. ಅದರಲ್ಲಿ ಮೆಟ್ಟಿಲಿಲ್ಲ. ಮೂರೇ ಮೂರು ಹಸಿವು, ಮೂರೂ ಒಟ್ಟಿಗೆ. ಇದು ನಾನೇ ಮಾಡುತ್ತಿರೋ ಕೆಲಸ ಅನಿಸಬೇಕು. ಇದು ನನ್ನ ಕೈಗೆ ಹತ್ತಿದೆ ಅನಿಸಬೇಕು. ಇಲ್ಲಿ ನಾನು ಯಾರಿಗೋ ಬೇಕಾದವನು ಅನಿಸಬೇಕು. ಈಗ ನಿಮ್ಮ ಪಟ್ಟಿ ನೋಡಿ. ಬೆಣ್ಣೆ ಎಷ್ಟು ಅನ್ನೋದು ಚಮಚಕ್ಕೆ ಹೋಯಿತು, ಹಿಟ್ಟಿನ ಹದ ತಕ್ಕಡಿಗೆ ಹೋಯಿತು. 17 ವರ್ಷ ಕಣ್ಣಲ್ಲೇ ನಂಬಿದ್ದವರ ಮೇಲೆ ಕ್ಯಾಮೆರಾ ಬಂತು. ಉಳಿದಿದ್ದು ಸೌಟು ಮತ್ತು ಲೆಕ್ಕ.

ಇನ್ನು ಭಟ್ಟಿ ಹುಡುಗನಿಗೆ. 1999ರಲ್ಲಿ ಡೆಸಿ, ರಯಾನ್, ಕೋಸ್ಟ್ನರ್ ಮೂವರೂ 128 ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದರು. ಮೊದಲೇ ಹೇಳಿ ಕೊಡೋ ಬಹುಮಾನ ಆಸಕ್ತಿಯನ್ನು ತಿನ್ನುತ್ತದೆ ಅಂತ ಕಂಡಿದ್ದು ಜನಕ್ಕೆ ಮೊದಲೇ ರುಚಿ ಇರೋ ಕೆಲಸದಲ್ಲಿ. ರುಚಿಯೇ ಇಲ್ಲದ ಕೆಲಸದಲ್ಲಿ ತಿನ್ನೋಕೆ ಏನಿದೆ? ಅಲ್ಲಿ ಆ ಪರಿಣಾಮ ಇಲ್ಲ. ನಿಮ್ಮಪ್ಪನಿಗೆ ಚೀಲಕ್ಕೆ ಜಾಸ್ತಿ ಕೊಡಬೇಕಿತ್ತು, ಮಾತೇ ಇಲ್ಲ. ತಟ್ಟೆ ತೊಳೆಯೋರಿಗೂ ಕೊಡಬೇಕು. ದುಡ್ಡು ಬೇಡ ಅಂತ ಈ ಥಿಯರಿ ಎಲ್ಲೂ ಹೇಳಲ್ಲ. ಆ 3,000 ಭಟ್ರನ್ನು ಓಡಿಸಿರಲಿಕ್ಕಿಲ್ಲ. ಎರಡು ರೂಪಾಯಿ ಮತ್ತು ಬೋರ್ಡ್ ಮೇಲೆ ನನ್ನ ಅನುಮಾನ. ಈ ಬಗ್ಗೆ ಒಪ್ಪದ ಮನಶ್ಶಾಸ್ತ್ರಜ್ಞರೂ ಇದ್ದಾರೆ ಅನ್ನೋದನ್ನೂ ಹೇಳಿಬಿಡುತ್ತೇನೆ. ಐಸೆನ್‌ಬರ್ಗರ್, ಕ್ಯಾಮರಾನ್ ಇಬ್ಬರೂ 1996ರಲ್ಲೇ ಬಹುಮಾನದ ಹಾನಿ ಇವರು ಹೇಳಿದಷ್ಟಿಲ್ಲ ಅಂತ ಜಗಳ ತೆಗೆದಿದ್ದರು.

ನಿಟ್ಟುವಳ್ಳಿ ಟೈಲರ್ ಅಕ್ಕ

ಮೇಷ್ಟ್ರೇ, ನೀವು ಹೇಳಿದ ಮೂರು ಹಸಿವು ನನಗೆ ಪುಸ್ತಕ ಓದದೇ ಗೊತ್ತು. ಒಂದು ಗಾರ್ಮೆಂಟ್ಸಲ್ಲಿ ಎರಡು ವರ್ಷ ಬರೀ ಕಾಲರ್ ಹೊಲಿದಿದ್ದೇನೆ. ಗಂಟೆಗೆ ಇಷ್ಟು ಪೀಸು ಅಂತ ಟಾರ್ಗೆಟ್. ಪೂರ್ತಿ ಶರ್ಟು ಹೆಂಗೆ ಕಾಣುತ್ತೆ ಅಂತ ನಾನು ನೋಡೇ ಇಲ್ಲ! ಈಗ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ದುಡ್ಡು ಕೆಲವು ತಿಂಗಳು ಜಾಸ್ತಿ, ಕೆಲವು ತಿಂಗಳು ಏನೂ ಇಲ್ಲ. ದುಗ್ಗಮ್ಮನ ಜಾತ್ರೆ ವರ್ಷ ಬಂದರೆ ಊಟಕ್ಕೂ ಬಿಡುವಿಲ್ಲ, ಒಬ್ಬಳು ಹಿಂದೆ ಬಟನ್ ಬೇಕು ಅಂತಾಳೆ, ಇನ್ನೊಬ್ಬಳು ತೋಳು ಬಿಚ್ಚಿಸುತ್ತಾಳೆ. ಹಾಗಂತ ನನ್ನಿಷ್ಟದ ಹಾಗೆ ಹೊಲಿಯುತ್ತೇನೆ ಅಂತಲ್ಲ, ಅವರು ಹೇಳಿದ್ದನ್ನೇ ಹೊಲಿಯೋದು. ಆದರೆ ಕತ್ತರಿ ಎಲ್ಲಿ ಇಡಬೇಕು ಅನ್ನೋದು ನನ್ನದು.

ತಮ್ಮಾ, ಒಂದು ಮಾತು. ಅಮೆರಿಕದ ಪ್ರಯೋಗದವರೆಗೂ ಹೋಗಿ ಬಂದಿರಿ. ಹರಿಹರ ಇಲ್ಲೇ ಇದೆ. ಭಟ್ರನ್ನೇ ಕೇಳಿದೆಯಾ? ಮಂಡಿನೋವೋ, ಮನೆ ಕಡೆ ಏನಾದರೂ ಇತ್ತೋ, ಯಾರಿಗೆ ಗೊತ್ತು.

ಭಟ್ಟಿ ಮನೆ ಹುಡುಗ

ಅಕ್ಕ ಸರಿಯಾಗಿ ಹೇಳಿದರು. ಮೇಷ್ಟ್ರೇ, ಒಂದು ಸೇರಿಸಬೇಕು. ನಮ್ಮಪ್ಪನಿಗೂ ಒಂದು ರುಚಿ ಇತ್ತು ಅಂತ ಈಗ ನೆನಪಾಗುತ್ತಿದೆ. ಮರಳು ಕಾದಿದೆಯಾ ಇಲ್ವಾ ಅಂತ ಒಂದು ಹಿಡಿ ಅಕ್ಕಿ ಹಾಕಿ ಸದ್ದಲ್ಲೇ ಹೇಳೋರು. ಭಟ್ಟಿಯಲ್ಲಿ ಬೇರೆಯವರು ಅವರನ್ನು ಕರೆದು ಕೇಳೋರು. ಆವತ್ತು ಮನೆಗೆ ಬಂದರೆ ಅಮ್ಮನಿಗೆ ಎರಡು ಸಲ ಹೇಳೋರು. ಆದರೂ ದುಡ್ಡು ಮೊದಲು ಅಂತಲೇ ನನ್ನ ಅಭಿಪ್ರಾಯ.

ಆರು ಟೇಬಲ್, ದಾವಣಗೆರೆ

ನಿನ್ನೆ ಹೋಗಿದ್ದೆ. ಮಧ್ಯಾಹ್ನ ಮೂರೂವರೆ, ಗಿರಾಕಿ ಇಲ್ಲದ ಹೊತ್ತು. ಮೊದಲು ದೋಸೆ ಹಾಕಿಕೊಟ್ಟರು, ಮಾತು ಆಮೇಲೆ.

ಮಂಡಿನೋವಲ್ಲ. ಕ್ಯಾಮೆರಾ ಬಗ್ಗೆ ಕೇಳಿದೆ, "ಅದನ್ನ ನಾನು ನೋಡೇ ಇಲ್ಲ ಹೋಗೋ" ಅಂದರು. ಚಮಚದ ಬಗ್ಗೆ ಸ್ವಲ್ಪ ನಕ್ಕರು. ಆಮೇಲೆ ಒಂದು ದಿನದ ವಿಷಯ ತೆಗೆದರು, ನನಗೆ ಮರೆತೇ ಹೋಗಿತ್ತು. ಜನವರಿಯಲ್ಲಿ ಒಂದು ಭಾನುವಾರ ಹಿಟ್ಟು ಜಾಸ್ತಿ ಹುಳಿಯಾಗಿತ್ತು. ಇದನ್ನು ಹುಯ್ಯೋದು ಬೇಡ, ಹತ್ತು ಗಂಟೆಗೆ ಬಾಗಿಲು ಹಾಕೋಣ ಅಂದಿದ್ದರಂತೆ. ನಾನು ಬೋರ್ಡ್ ತೋರಿಸಿ "ಇನ್ನೂ 120 ಆಗಿಲ್ಲ, ಹುಯ್ಯಿರಿ, ಚಟ್ನಿ ಜಾಸ್ತಿ ಹಾಕಿ ಕೊಡೋಣ, ನಿಮಗೂ ದುಡ್ಡು ಬರುತ್ತಲ್ಲ" ಅಂದಿದ್ದೆನಂತೆ. ಅಂದಿದ್ದೆ, ಹೌದು. ಆವತ್ತು ಅಪ್ಪನ ಕಾಲದ ಗಿರಾಕಿ ಒಬ್ಬರು ಅರ್ಧ ದೋಸೆ ಬಿಟ್ಟು ಎದ್ದು, ಕೈ ತೊಳೆದು, ಒಲೆ ಕಡೆ ಒಂದು ಸಲ ನೋಡಿ ಹೋದರಂತೆ. ಬಯ್ದಿದ್ದರೆ ಚೆನ್ನಾಗಿತ್ತು ಅಂದರು ಭಟ್ರು.

ಬೋರ್ಡ್ ಇವತ್ತು ಬೆಳಿಗ್ಗೆ ತೆಗೆದೆ. ದೋಸೆ ಲೆಕ್ಕದ ದುಡ್ಡು ನಿಲ್ಲಿಸಿ, ಅಷ್ಟೂ ಹುಡುಗರ ತಿಂಗಳ ಸಂಬಳಕ್ಕೇ ಸೇರಿಸಿದ್ದೇನೆ. ಕ್ಯಾಮೆರಾನ ಗಲ್ಲಾ ಕಡೆ ತಿರುಗಿಸಿದ್ದೇನೆ, ಈಗ ಅದು ನನ್ನನ್ನೇ ನೋಡುತ್ತಿದೆ. ಚಮಚ ಇನ್ನೂ ಇದೆ, ಬೆಣ್ಣೆ ರೇಟು ಹಾಗಿದೆ, ಏನು ಮಾಡಲಿ.

ವಾಪಸ್ ಬನ್ನಿ ಅಂದೆ. ಬರಲ್ಲ ಅಂದರು, ಕೊಟ್ಟ ಮಾತು ಬಿಡೋಕಾಗಲ್ಲ ಅಂತ. ನಮ್ಮ ಹುಡುಗನಿಗೆ ಹಿಟ್ಟಿನ ಹದ ಹೇಳಿಕೊಡುತ್ತೀರಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಕಾವಲಿ ಒರೆಸುತ್ತಾ ಇದ್ದರು. "ಸೋಮವಾರ ಕಳಿಸು. ನೀನು ಬರಬೇಡ" ಅಂದರು.