ಮೂತ್ರದಲ್ಲಿ ಪ್ರೋಟೀನ್ ಎರಡು ಪ್ಲಸ್: ಬೇಳೆ ಬಿಡಬೇಕೇ?

ಪ್ರಶ್ನೆ:
ವಯಸ್ಸು 46, ಊರು ಮೈಸೂರು. ಕಚೇರಿಯವರು ಮಾಡಿಸಿದ ತಪಾಸಣೆಯಲ್ಲಿ ಮೂತ್ರದ ಪ್ರೋಟೀನ್ ‘++’ ಎಂದು ಬಂದಿದೆ. ಸಕ್ಕರೆ ಕಾಯಿಲೆ ಇಲ್ಲ. ರಕ್ತದೊತ್ತಡ 146/92 ಇತ್ತು. ಅವಸರದಲ್ಲಿ ಬಂದದ್ದಕ್ಕೆ ಹಾಗೆ ಎಂದು ನಾನೇ ತೀರ್ಮಾನಿಸಿದೆ. ಅಂದು ಬೆಳಿಗ್ಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿಳಿದು, ನೀರೂ ಕುಡಿಯದೆ ನೇರವಾಗಿ ಹೋಗಿ ಮೂತ್ರ ಕೊಟ್ಟಿದ್ದೆ. ವರದಿ ಬಂದಂದಿನಿಂದ ಮನೆಯಲ್ಲಿ ಬೇಳೆ, ಮೊಟ್ಟೆ ಬಂದ್. ಮೂರು ದಿನವಾಯಿತು, ಗೊಜ್ಜು ಮತ್ತು ಮೊಸರನ್ನವೇ ಗತಿ. ಇದು ಸರಿಯೇ?

ಉತ್ತರ 1:
ಮೊಸರಿನಲ್ಲೂ ಪ್ರೋಟೀನ್ ಇದೆ ಸ್ವಾಮಿ! ತಿಂದ ಬೇಳೆ ಹಾಗೆಯೇ ಮೂತ್ರಕ್ಕೆ ಇಳಿಯುವುದಿಲ್ಲ. ಮೂತ್ರಪಿಂಡದ ಜರಡಿ ರಕ್ತದ ಆಲ್ಬುಮಿನ್ ಎಂಬ ಪ್ರೋಟೀನನ್ನು ತಡೆಯಬೇಕು, ತಡೆಯದಿದ್ದಾಗ ಅದು ಸೋರುತ್ತದೆ. ನಾನು ಪ್ರಯೋಗಾಲಯದಲ್ಲಿ ದಿನವಿಡೀ ಮೂತ್ರದಲ್ಲಿ ಪರೀಕ್ಷಾ ಪಟ್ಟಿಗಳನ್ನೇ ಅದ್ದುವವನು. ಪಟ್ಟಿಯ ಹಳದಿ ಚೌಕ ಹಸಿರಾದಷ್ಟೂ ಪ್ಲಸ್ ಹೆಚ್ಚು. ಎರಡು ಪ್ಲಸ್ ಎಂದರೆ ಡೆಸಿಲೀಟರಿಗೆ ಸುಮಾರು 100 ಮಿಲಿಗ್ರಾಂ. ಮೂತ್ರ ಗಟ್ಟಿಯಾಗಿದ್ದರೆ ಪಟ್ಟಿ ಹೆಚ್ಚು ತೋರಿಸುತ್ತದೆ. ಜ್ವರ ಬಂದಾಗ, ಮೈ ದಣಿದಾಗ ತಾತ್ಕಾಲಿಕವಾಗಿ ಸೋರುವುದೂ ಉಂಟು. ಎರಡು ದಿನ ಬೆಟ್ಟ ಬಿಡಿ. ಎದ್ದ ಕೂಡಲೇ ಬರುವ ಮೊದಲ ಮೂತ್ರವನ್ನು ಕೊಟ್ಟು ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತ ಮಾಡಿಸಿ. ಕ್ರಿಯಾಟಿನಿನ್ ಎಂದರೆ ಸ್ನಾಯುಗಳಿಂದ ಬಂದು ಮೂತ್ರದಲ್ಲಿ ಹೊರಹೋಗುವ ತ್ಯಾಜ್ಯ; ಅದಕ್ಕೆ ಹೋಲಿಸಿದರೆ ಮೂತ್ರ ಗಟ್ಟಿಯಿದ್ದರೂ ಲೆಕ್ಕ ತಪ್ಪದು. ಗ್ರಾಂಗೆ 30 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ನೆಮ್ಮದಿ.

ಉತ್ತರ 2:
ಬೆಟ್ಟದ ಮೇಲೆಯೇ ಎಲ್ಲ ತಪ್ಪು ಹೊರಿಸಬೇಡಿ. 146/92 ಅನ್ನು ನೋಡಿ. ನನಗೆ ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ. ಮೂತ್ರದಲ್ಲಿ ನೊರೆ ನಿಂತು, ಎರಡು ಸಲ ನೀರು ಹಾಕಿದರೂ ಹೋಗುತ್ತಿರಲಿಲ್ಲ. ಹೊಸ ಸೋಪಿನದಿರಬೇಕು ಎಂದುಕೊಂಡು ವರ್ಷ ದೂಡಿದೆ. ಸಾಲದ್ದಕ್ಕೆ ಮಂಡಿನೋವಿಗೆ ದಿನವೂ ಮೂತ್ರಪಿಂಡಕ್ಕೆ ಹೊರೆಯಾಗುವ ಡೈಕ್ಲೋಫೆನಾಕ್ ನುಂಗುತ್ತಿದ್ದೆ. ಕೊನೆಗೆ ಅನುಪಾತ 412 ಬಂತು. ವೈದ್ಯರು ಮೊದಲು ಆ ನೋವಿನ ಮಾತ್ರೆ ಬಿಡಿಸಿ, ರಕ್ತದೊತ್ತಡವನ್ನೂ ಪ್ರೋಟೀನ್ ಸೋರಿಕೆಯನ್ನೂ ಇಳಿಸುವ ಟೆಲ್ಮಿಸಾರ್ಟಾನ್ ಶುರುಮಾಡಿದರು. ಆರು ತಿಂಗಳಲ್ಲಿ 160ಕ್ಕೆ ಇಳಿದಿದೆ. ರಕ್ತದಲ್ಲಿ ಕ್ರಿಯಾಟಿನಿನ್ ಎಷ್ಟಿದೆ ಎಂದೂ ನೋಡಿಸಿ. ನನ್ನ ಮಾತ್ರೆಯ ಹೆಸರು ಕೇಳಿ ನೀವು ಅಂಗಡಿಗೆ ಓಡಬೇಡಿ. ಅದರಿಂದ ರಕ್ತದ ಪೊಟ್ಯಾಸಿಯಂ ಏರಬಹುದು, ಆಗಾಗ ಪರೀಕ್ಷಿಸುತ್ತಿರಬೇಕು.

ಪ್ರಶ್ನೆ ಕೇಳಿದವರು:
ಮುಂಜಾನೆಯ ಮಾದರಿ ಕೊಟ್ಟು ಬಂದೆ: ಅನುಪಾತ 44. ಕ್ರಿಯಾಟಿನಿನ್ ಸರಿಯಿದೆ. ಆದರೆ ವಾರವಿಡೀ ಮನೆಯಲ್ಲಿ ಕುಳಿತು ಅಳೆದರೂ ರಕ್ತದೊತ್ತಡ 150ರ ಆಸುಪಾಸೇ. ಅದಕ್ಕೆ ಮಾತ್ರೆ ಕೊಟ್ಟಿದ್ದಾರೆ. ಮೂರು ತಿಂಗಳ ಬಳಿಕ ಮತ್ತೆ ಮೂತ್ರ ಪರೀಕ್ಷೆ. ಬೇಳೆ ಮನೆಗೆ ಮರಳಿದೆ. ಅಮ್ಮ ಕಳುಹಿಸಿದ್ದ ಮಿಡಿ ಉಪ್ಪಿನಕಾಯಿಯ ಜಾಡಿ ಪಕ್ಕದ ಮನೆ ಸೇರಿತು.